1953ರ ಮದುವೆ ದಾಖಲೆ: ಹಾಲೆಂಡಿನಲ್ಲಿ ಹುಡುಕಬೇಕಾ, ಬೆಲ್ಜಿಯಂನಲ್ಲಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವಳು, ಈಗ ನೆದರ್‌ಲ್ಯಾಂಡ್ಸ್‌ನ ಟಿಲ್ಬರ್ಗ್‌ನಲ್ಲಿದ್ದೇನೆ. ಯಜಮಾನರು ಡಚ್ಚರು. ಮಗಳಿಗೋಸ್ಕರ ಎರಡೂ ಮನೆಯ ವಂಶವೃಕ್ಷ ಬರೆಯುತ್ತಿದ್ದೇನೆ. ಯಜಮಾನರ ತಾತ, ಅಜ್ಜಿ 1953ರಲ್ಲಿ ಬಾರ್ಲೆಯಲ್ಲಿ ಮದುವೆಯಾದರಂತೆ. ಅವರ ಹಿಂದಿನವರ 1890ರ ಮದುವೆ ಐದು ನಿಮಿಷದಲ್ಲಿ ಸಿಕ್ಕಿತು. ಇವರದ್ದು ಮಾತ್ರ ಆನ್‌ಲೈನ್‌ನಲ್ಲಿ ಎಲ್ಲೂ ಇಲ್ಲ. ಮಾವನವರೂ ಈಗ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವೇನೂ ತಪ್ಪಿಲ್ಲ ಮೇಡಂ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ಎರಡೂ ದೇಶಗಳಲ್ಲಿ ಮದುವೆ ದಾಖಲೆ 75 ವರ್ಷ ಸಾರ್ವಜನಿಕರಿಗೆ ಸಿಗುವುದಿಲ್ಲ. ಜನನಕ್ಕೆ 100, ಮರಣಕ್ಕೆ 50 ವರ್ಷ. 1953ರದ್ದು ತೆರೆಯುವುದಕ್ಕೆ 2028 ದಾಟಬೇಕು. ಅಲ್ಲಿಯವರೆಗೆ ವೀ ವಾಸ್ ವೀ ಅನ್ನುವ ಡಚ್ ವಂಶಾವಳಿ ತಾಣದಲ್ಲಿ ಎಷ್ಟು ಹುಡುಕಿದರೂ ಸುಮ್ನೆ ಸಮಯ ದಂಡ.

ಇನ್ನೊಂದು ತೊಡಕು ಊರಿನದು. ಬಾರ್ಲೆ ನೋಡುವುದಕ್ಕೆ ಒಂದೇ ಊರು. ಆದರೆ ಬಾರ್ಲೆ-ನಸ್ಸೌ ನೆದರ್‌ಲ್ಯಾಂಡ್ಸ್‌ಗೆ ಸೇರಿದ್ದು, ಬಾರ್ಲೆ-ಹೆರ್ಟೋಖ್ ಬೆಲ್ಜಿಯಂಗೆ. ಗಡಿ ಕೆಲವು ಮನೆಗಳ ಒಳಗೇ ಹಾದುಹೋಗುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು! ಹಾಗಾಗಿ ಪುರಸಭೆಯೂ ಎರಡು, ಮದುವೆ ರಿಜಿಸ್ಟರ್ ಕೂಡ ಎರಡು.

ಮೊದಲು ಮನೆಯಲ್ಲಿ ಟ್ರೌಬೂಕ್ಯೆ ಇದೆಯಾ ನೋಡಿ. ಮದುವೆ ದಿನ ದಂಪತಿಗೆ ಪುರಸಭೆಯಲ್ಲಿ ಕೊಡುತ್ತಿದ್ದ ಚಿಕ್ಕ ಪುಸ್ತಕ ಅದು. ಇಲ್ಲದಿದ್ದರೆ ಹೇಳಿ, ತಾತ ತೀರಿಕೊಂಡದ್ದು ಯಾವಾಗ, ಎಲ್ಲಿ?

ಪ್ರಶ್ನೆ: ಪುಸ್ತಕ ಸಿಗಲಿಲ್ಲ ಸರ್. ತಾತ 1988ರಲ್ಲಿ ಟಿಲ್ಬರ್ಗ್‌ನಲ್ಲಿ ತೀರಿಕೊಂಡರು. ಅಜ್ಜಿ 2003ರಲ್ಲಿ.

ಉತ್ತರ: ಹಾಗಾದರೆ ದಾರಿ ಸಲೀಸು. ಹೇಗ್ ನಗರದಲ್ಲಿ ಸಿಬಿಜಿ ಅಂತ ಕುಟುಂಬ ಇತಿಹಾಸದ ಕೇಂದ್ರ ಇದೆ. 1939ರಿಂದ ನೆದರ್‌ಲ್ಯಾಂಡ್ಸ್‌ನ ಪ್ರತಿ ನಿವಾಸಿಗೂ ಪೆರ್ಸೋನ್ಸ್‌ಕಾರ್ಟ್ ಅನ್ನುವ ಒಂದು ವೈಯಕ್ತಿಕ ವಿವರಗಳ ಕಾರ್ಡ್ ಇತ್ತು. ತೀರಿಹೋದವರ ಕಾರ್ಡಿನ ಪ್ರತಿಯನ್ನು ಶುಲ್ಕ ಕಟ್ಟಿಸಿಕೊಂಡು ಅವರು ಕೊಡುತ್ತಾರೆ. ತಂದೆತಾಯಿ, ಸಂಗಾತಿ, ಮದುವೆಯ ದಿನ ಮತ್ತು ಊರು, ಮಕ್ಕಳು ಎಲ್ಲ ಅದರಲ್ಲಿರುತ್ತದೆ. 1994ರ ಅಕ್ಟೋಬರ್‌ನಿಂದ ಈ ಮಾಹಿತಿ ಕಂಪ್ಯೂಟರ್‌ಗೆ ಹೋಯಿತು. ಅಜ್ಜಿಯದು ಅದರಲ್ಲಿ ಸಿಗುತ್ತದೆ. ಅಜ್ಜಿಯನ್ನು ತವರಿನ ಹೆಸರಲ್ಲೇ ಹುಡುಕಿ. ಅಲ್ಲಿನ ದಾಖಲೆಗಳಲ್ಲಿ ಹೆಂಗಸರಿಗೆ ಮದುವೆಯಾದ ಮೇಲೂ ಹುಟ್ಟಿದ ಮನೆಯ ಹೆಸರೇ ಇರುತ್ತದೆ.

ಇನ್ನೊಬ್ಬ ಸದಸ್ಯೆ: ಅಕ್ಕಾ, ಹಳೆ ಪ್ರಾರ್ಥನಾ ಪುಸ್ತಕಗಳ ಒಳಗೂ ನೋಡಿ. ಆ ಕಡೆಯ ಕ್ಯಾಥೊಲಿಕರು ಸಾವಿನ ಪೂಜೆಯಲ್ಲಿ ಬಿಡ್‌ಪ್ರೆಂಟ್ಯೆ ಅನ್ನುವ ಚೀಟಿ ಹಂಚುತ್ತಿದ್ದರು. "ವೇಡುವೆ ಫಾನ್" ಅಂತಿದ್ದರೆ "ಇಂಥವರ ವಿಧವೆ" ಅಂತ ಅರ್ಥ. ನಮ್ಮ ಅತ್ತೆಯ ಮನೆಯಲ್ಲಿ ಹಾಗೇ ಒಂದು ಹೆಸರು ಸಿಕ್ಕಿತು.

ಪ್ರಶ್ನೆ: ಕಾರ್ಡ್ ಬಂತು ಸರ್! ಊರು ಬಾರ್ಲೆ-ಹೆರ್ಟೋಖ್, ಅಂದರೆ ಬೆಲ್ಜಿಯಂ. ಆದರೆ ದಿನಾಂಕ ಜೂನ್ 3. ಮನೆಯಲ್ಲಿ ಆಚರಿಸುತ್ತಿದ್ದದ್ದು ಜೂನ್ 6. ಯಾವುದು ಸರಿ?

ಉತ್ತರ: ಬಹುಶಃ ಎರಡೂ ಸರಿ. ಎರಡೂ ದೇಶಗಳಲ್ಲಿ ಪುರಸಭೆಯ ಮದುವೆ ಮೊದಲು ಆಗಬೇಕು, ಚರ್ಚಿನದು ಆಮೇಲೆ. ಮನೆಯವರ ನೆನಪಲ್ಲಿ ಉಳಿಯುವುದು ಚರ್ಚಿನ ದಿನವೇ ಜಾಸ್ತಿ, ಅಲ್ವಾ? ಎರಡನ್ನೂ ಬರೆದಿಡಿ. ಜೂನ್ 6ನ್ನು ಚರ್ಚಿನ ರಿಜಿಸ್ಟರ್‌ನಲ್ಲಿ ಕೇಳಿ ನೋಡಿ.

ಈಗ ಬಾರ್ಲೆ-ಹೆರ್ಟೋಖ್ ಪುರಸಭೆಗೆ ಅರ್ಜಿ ಹಾಕಿ. ಬೆಲ್ಜಿಯಂನಲ್ಲಿ 75 ವರ್ಷ ಆಗದ ದಾಖಲೆಯನ್ನೂ ನೇರ ವಂಶಸ್ಥರಿಗೆ ಕೊಡುತ್ತಾರೆ. ಮೊಮ್ಮಗನ ಹೆಂಡತಿ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಅರ್ಜಿ ಯಜಮಾನರ ಹೆಸರಲ್ಲೇ ಇರಲಿ. ಅವರ ಮತ್ತು ಮಾವನವರ ಜನನ ಪತ್ರ ಜೊತೆಗಿಡಿ. "ಅಫ್‌ಸ್ಕ್ರಿಫ್ಟ್" ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ, ಅದು ಪೂರ್ತಿ ನಕಲು. "ಔಟ್‌ಟ್ರೆಕ್ಸೆಲ್" ಅಂದರೆ ಬರೀ ಸಾರಾಂಶ ಬರುತ್ತದೆ.