ಅಪ್‌ಡೇಟ್: ಲಿನಕ್ಸ್‌ನಲ್ಲಿ ಕಾಣೆಯಾಗಿದ್ದ ವೈಫೈ ಸಿಕ್ಕಿತು

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ತರಹದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಹೋಯಿತು. ಮತ್ತೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅಂತ ಕೆಲವರು ಅಂದಿದ್ದರಿಂದ ಸುಮ್ನೆ ಒಂದು ಸಂಜೆ ಹಾಳು. ಡ್ರೈವರ್ (ವೈಫೈ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು, ಹೊಸಬರು ಇಲ್ಲೇ ಸೋತು ವಿಂಡೋಸ್‌ಗೆ ವಾಪಸ್ ಹೋಗುವುದು ಅಲ್ವಾ! ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವುದು) ಆನ್ ಮಾಡಿ ಅಂದವರ ಮಾತು ಕೆಲಸ ಮಾಡಿತು. ಮಿಂಟ್‌ನಲ್ಲೇ ಇರುವ ಡ್ರೈವರ್ ಮ್ಯಾನೇಜರ್ ತೋರಿಸಿದ ಡ್ರೈವರನ್ನು ಹಾಕಿದೆ.

ಆದರೂ ವೈಫೈ ಬರಲಿಲ್ಲ. ಕಾರಣ ಸೆಕ್ಯೂರ್ ಬೂಟ್, ಅಂದರೆ ಲ್ಯಾಪ್‌ಟಾಪ್ ಶುರುವಾಗುವಾಗಿನ ಭದ್ರತಾ ತಪಾಸಣೆ. ಅದು ಆನ್ ಇದ್ದರೆ ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಒಳಗೆ ಬಿಡುವುದಿಲ್ಲವಂತೆ. ಡ್ರೈವರ್ ಇನ್‌ಸ್ಟಾಲ್ ವೇಳೆ ಇಟ್ಟ ಪಾಸ್‌ವರ್ಡನ್ನು ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ಕೊಡಬೇಕಿತ್ತು, ನಾನು ಏನೋ ಎರರ್ ಅಂದುಕೊಂಡು ದಾಟಿಸಿಬಿಟ್ಟಿದ್ದೆ. ಡ್ರೈವರನ್ನು ಮತ್ತೆ ಹಾಕಿ, ಈ ಸಲ ಆ ನೀಲಿ ಪರದೆಯಲ್ಲಿ 'ಎನ್‌ರೋಲ್ ಎಂಒಕೆ' (ಆ ಸಹಿಯ ಕೀಯನ್ನು ನಂಬು ಅಂತ ನೋಂದಾಯಿಸುವುದು) ಒತ್ತಿ ಪಾಸ್‌ವರ್ಡ್ ಕೊಟ್ಟೆ. ಬಂತು! ಜಾಸ್ತಿ ಹೆದರಿದ್ದ ಪ್ರಿಂಟರ್ ಮಾತ್ರ ಡ್ರೈವರ್ ಹಾಕದೆಯೇ ತಾನಾಗಿ ಸಿಕ್ಕಿತು.