ಅಪ್‌ಡೇಟ್: ಅಪ್ಪನ ರಕ್ತಸ್ರಾವ ನಿಂತಿತು, ಗ್ಲೂ ಇಂಜೆಕ್ಷನ್ ಆಯ್ತು

ಅಪ್ಪನಿಗೆ ಲಿವರ್ ಸಿರೋಸಿಸ್ ಉಂಟು, ಮಲ ಕಪ್ಪಗೆ ಹೋಗ್ತಾ ಇದೆ, ಎಂಡೋಸ್ಕೋಪಿಯಲ್ಲಿ ಅನ್ನನಾಳ ಹೊಟ್ಟೆ ಎರಡರಲ್ಲೂ ಏನೂ ಕಾಣ್ತಿಲ್ಲ, ಏನು ಮಾಡುದು ಅಂತ ಕೇಳಿದ್ದೆ ಅಲ್ವಾ. ರಕ್ತನಾಳ ತೋರಿಸುವ ಸ್ಕ್ಯಾನ್ ಸಿಟಿ ಆಂಜಿಯೋ ಮಾಡಿಸಿ, ಸಣ್ಣ ಕರುಳಿನ ಶುರುವಿನ ಭಾಗ ಡಿಯೋಡಿನಮ್ ಪೂರ್ತಿ ನೋಡ್ಲಿಕ್ಕೆ ಹೇಳಿ ಅಂದವರಿಗೆ ಕೈ ಮುಗಿತೇನೆ, ಉಬ್ಬಿದ ರಕ್ತನಾಳ ಅಲ್ಲೇ ಇತ್ತು. ಐರನ್ ಮಾತ್ರೆಯಿಂದ ರಕ್ತ ನಿಲ್ಲಲಿಲ್ಲ, ಅದ್ರಿಂದಲೂ ಮಲ ಕಪ್ಪಾಗ್ತದೆ, ಹಾಗಾಗಿ ಗೊಂದಲ ಜಾಸ್ತಿ ಆಯ್ತು ಅಷ್ಟೆ. ಉಬ್ಬಿದ ರಕ್ತನಾಳವನ್ನು ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಬಿಗಿಸಿ ಅಂತಲೂ ಕೆಲವರು ಹೇಳಿದ್ರಿ, ಆದ್ರೆ ಅಲ್ಲಿ ಕರುಳಿನ ಗೋಡೆ ತೆಳು, ಬ್ಯಾಂಡ್ ಕಳಚಿದ್ರೆ ಪುನಃ ರಕ್ತ ಬರಬಹುದು ಅಂತ ಮಂಗಳೂರಿನ ಡಾಕ್ಟ್ರು ಬೇಡ ಅಂದ್ರು. ಸ್ಕೋಪಿನೊಳಗಿಂದಲೇ ಸೂಜಿ ತೂರಿಸಿ ರಕ್ತನಾಳಕ್ಕೆ ಸಯನೋಅಕ್ರಿಲೇಟ್ ಗ್ಲೂ ಬಿಟ್ರು, ರಕ್ತ ತಾಗಿದ ಕೂಡ್ಲೇ ಗಟ್ಟಿಯಾಗ್ತದೆ, ನಮ್ಮ ಫೆವಿಕ್ವಿಕ್ ಜಾತಿಯದ್ದೇ ಮಾರಾಯ್ರೆ, ನಂಗೆ ನಂಬ್ಲಿಕ್ಕೇ ಆಗ್ಲಿಲ್ಲ! ಈಗ ಹಿಮೋಗ್ಲೋಬಿನ್ ಇಳಿಯುದು ನಿಂತಿದೆ, ಅಪ್ಪ ಗಂಜಿ ಊಟ ಮಾಡ್ತಿದ್ದಾರೆ. ಪೋರ್ಟಲ್ ಪ್ರೆಶರ್, ಅಂದ್ರೆ ಲಿವರಿಗೆ ಹೋಗುವ ದೊಡ್ಡ ರಕ್ತನಾಳದ ಒತ್ತಡ, ಹಾಗೇ ಇರುದ್ರಿಂದ ಚೆಕ್ಅಪ್ ಬಿಡ್ಲಿಕ್ಕಿಲ್ಲ, ಮುಂದಿನ ಸ್ಕೋಪಿಗೆ ಡೇಟ್ ಕೊಟ್ಟಿದ್ದಾರೆ.