ರಂಗಣ್ಣನ ಕಾರಿಗೆ ಪ್ಲಾಟಿನಂ ಯೋಗ

ಕಾರಿನ ಇಂಜಿನ್ ಲೈಟ್ ಹೊತ್ತಿಕೊಂಡರೆ ತುಮಕೂರಿನಲ್ಲಿ ಮೆಕ್ಯಾನಿಕ್‌ಗಿಂತ ಮೊದಲು ಸಲಹೆ ಸಿಗುತ್ತದೆ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬರುವಷ್ಟರಲ್ಲಿ ರಂಗಣ್ಣನಿಗೆ ಬೇಕಾದಷ್ಟು ಸಿಕ್ಕಿತ್ತು. ಬ್ಯಾಟರಿ ವೈರ್ ಬಿಚ್ಚಿ ಹಾಕು ಅಂದ ಶಿವು. ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸು ಅಂದ ಗೋವಿಂದ. ಮುಂದೆ ಕಟ್ಟಿರುವ ನಿಂಬೆಹಣ್ಣು ಬದಲಾಯಿಸು ಅಂತ ನಾನು ಹೇಳಿದೆ. ಇದ್ದದ್ದರಲ್ಲಿ ನನ್ನದೇ ಅಗ್ಗ.

ರಂಗಣ್ಣ ನಗಲಿಲ್ಲ. “ಸ್ಕ್ಯಾನ್ ಮಾಡಿಸ್ದೆ ಕಣ್ರೋ. ಪಿ0420 ಅಂತ ಕೋಡ್ ಬಂತು. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು. ಸೈಲೆನ್ಸರ್ ಪೈಪಿನ ಡಬ್ಬಿಗೆ ಇಷ್ಟು ದುಡ್ಡಾ ಅಂದ್ರೆ, ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಲ್ಲ ಇರುತ್ತೆ ಸಾರ್ ಅಂದ್ರು.”

“ಮದುವೆ ದಿನಕ್ಕೆ ಅತ್ತಿಗೆಗೆ ಸ್ಟೀಲ್ ಡಬ್ಬಿ ಕೊಟ್ಟವನು ನೀನು. ಕಾರಿಗೆ ಪ್ಲಾಟಿನಂ ಡಬ್ಬಿನಾ?” ಅಂದ ಗೋವಿಂದ.

ಅಷ್ಟು ಹೊತ್ತು ಚಟ್ನಿ ಜೊತೆ ಮಾತ್ರ ಸಂಬಂಧ ಇಟ್ಟುಕೊಂಡಿದ್ದ ಮೇಷ್ಟ್ರು ತಲೆ ಎತ್ತಿದರು. ರಿಟೈರ್ ಆದ ಮೇಲೆ ಅವರಿಗೆ ಮಕ್ಕಳಿಲ್ಲದ ಕ್ಲಾಸು ನಾವೇ.

“ಅದು ಹೋಗಿದೆ ಅಂತ ಯಾರು ಹೇಳಿದ್ದು?”

“ಕೋಡೇ ಹೇಳ್ತಲ್ಲ ಮೇಷ್ಟ್ರೇ.”

“ಕೋಡ್ ಹಾಗೆ ಹೇಳಲ್ಲ. ಹೊಗೆ ಸರಿಯಾಗಿ ಶುದ್ಧ ಆಗ್ತಿರೋ ಹಾಗೆ ಕಾಣ್ತಿಲ್ಲ ಅನ್ನುತ್ತೆ, ಅಷ್ಟೇ. ಯಾಕೆ ಅಂತ ನಾವು ಹುಡುಕಬೇಕು. ಆ ಡಬ್ಬಿ ಮುಂದೆ ಒಂದು ಆಕ್ಸಿಜನ್ ಸೆನ್ಸರ್ ಇರುತ್ತೆ, ಹಿಂದೆ ಇನ್ನೊಂದು. ಸಾಮಾನ್ಯ ಸೆನ್ಸರ್ ಆದ್ರೆ ಮುಂದಿನದರ ವೋಲ್ಟೇಜ್ 0.1ರಿಂದ 0.9ರವರೆಗೆ ಕುಣೀತಾ ಇರಬೇಕು. ಹಿಂದಿನದು ಹೆಚ್ಚುಕಡಿಮೆ ನೆಟ್ಟಗೆ ನಿಂತಿರಬೇಕು. ಹಿಂದಿನದೂ ಜೊತೆಗೆ ಕುಣಿಯೋಕೆ ಶುರು ಮಾಡಿದ್ರೆ ಕಂಪ್ಯೂಟರ್ ಈ ನಂಬರ್ ಬರೆಯುತ್ತೆ.”

ಶಿವು ಚಪ್ಪಾಳೆ ತಟ್ಟಿದ. “ಹಾಗಾದ್ರೆ ಹಿಂದಿನ ಸೆನ್ಸರ್ ಬದಲಾಯಿಸಿದ್ರೆ ಮುಗೀತು!”

“ಚಾಡಿ ಹೇಳಿದವನ ಕೆನ್ನೆಗೆ ಹೊಡೆದ್ರೆ ಕಳ್ಳತನ ನಿಲ್ಲುತ್ತೇನೋ?”

ಜನರ ದುಡ್ಡು ಹೋಗುವುದೇ ಇಲ್ಲಿ. ನಂಬರ್ ನೋಡುತ್ತಾರೆ, ಮೊಬೈಲಿನಲ್ಲಿ ಹುಡುಕುತ್ತಾರೆ, ಮೊದಲು ಕಂಡ ಸ್ಪೇರ್ ತಂದು ಹಾಕುತ್ತಾರೆ. ಸ್ಕ್ಯಾನರ್ ಕೊಡುವುದು ದೂರು. ನಾವು ಅದನ್ನು ಅಂಗಡಿ ಚೀಟಿ ಅಂದುಕೊಳ್ಳುತ್ತೇವೆ.

ಮೇಷ್ಟ್ರು ಪೊಲೀಸರ ಥರ ಶುರು ಮಾಡಿದರು. “ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಇಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತಾ?”

“ಹೌದು. ಅದು ಅದರ ಸ್ವಭಾವ ಅಂದ್ಕೊಂಡಿದ್ದೆ.”

“ಸ್ವಭಾವ ಅಲ್ಲಪ್ಪ, ಲೀಕು ಇರಬಹುದು. ಪೈಪಿನ ಜಾಯಿಂಟ್ ಬಿಟ್ಟಿದ್ರೆ ಹೊರಗಿನ ಗಾಳಿ ಸೇರಿ ಸೆನ್ಸರ್ ಲೆಕ್ಕ ತಪ್ಪುತ್ತೆ. ಮೊದಲು ಅದನ್ನ ನೋಡಿಸು. ಪ್ಲಾಟಿನಂ ಆಮೇಲೆ.”

ಆಮೇಲೆ ಗ್ಯಾರೇಜಿನಲ್ಲಿ ನೋಡಿದರೆ ಹೋಗಿದ್ದು ಆ ಜಾಯಿಂಟಿನ ಗ್ಯಾಸ್ಕೆಟ್ಟೇ. ಅತ್ತಿಗೆಗೆ ಮಾತ್ರ ಪ್ಲಾಟಿನಂ ಇನ್ನೂ ಬಂದಿಲ್ಲ.

“ಬ್ಯಾಟರಿ ವೈರ್ ಬಿಚ್ಚಿದ್ರೂ ಲೈಟ್ ಆರ್ತಿತ್ತು ಅಲ್ವಾ?” ಶಿವು ಬಿಡಲಿಲ್ಲ.

“ಆರ್ತಿತ್ತು. ಕೋಡ್ ಬಂದಾಗ ಗಾಡಿ ಎಷ್ಟು ಸ್ಪೀಡಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನೋ ಸಾಕ್ಷಿಯೂ ಅಳಿಸಿ ಹೋಗ್ತಿತ್ತು. ನಾಲ್ಕು ದಿನ ಓಡಿಸಿದ ಮೇಲೆ ಲೈಟ್ ಮತ್ತೆ ಹಾಜರ್.”

“ನನ್ನ ಟೇಪ್?”

“ಲೈಟ್ ಸುಮ್ನೆ ಉರೀತಿದ್ರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿಟುಕ್ತಿದ್ರೆ ಇಂಜಿನ್ ಮಿಸ್ ಹೊಡೀತಿದೆ ಅಂತ. ಸುಡದ ಪೆಟ್ರೋಲ್ ಆ ಡಬ್ಬಿಗೆ ಹೋಗಿ ಅಲ್ಲಿ ಉರಿದು, ಡಬ್ಬಿ ಒಳಗೇ ಕರಗುತ್ತೆ. ಗಾಡಿ ಪಕ್ಕಕ್ಕೆ ಹಾಕಬೇಕು. ಟೇಪ್ ಕೆಳಗೆ ಉರೀತಿದೆಯೋ ಮಿಟುಕ್ತಿದೆಯೋ ನಿನಗೆ ಹೇಗೆ ಗೊತ್ತಾಗುತ್ತೆ?”

ಗೋವಿಂದ ಕಾಫಿ ಹೇಳಿದ. ಸೋತಾಗ ಅವನು ಕಾಫಿ ಹೇಳುತ್ತಾನೆ.

ಮಿಸ್ ಹೊಡೆಯುವುದನ್ನು ಹಿಡಿಯೋಕೆ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟ. ಪಿ0302 ಬಂದರೆ ಎರಡನೇ ಸಿಲಿಂಡರಿನ ದೂರು. ಅದರ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ತೆಗೆದು ಮೂರನೆಯದರ ಜೊತೆ ಅದಲುಬದಲು ಮಾಡಬೇಕು. ಕೋಡ್ ಪಿ0303 ಆದರೆ ಕಳ್ಳ ಕಾಯಿಲ್ಲೇ. ಎರಡರಲ್ಲೇ ಉಳಿದರೆ ಪ್ಲಗ್ಗು, ಇಂಜೆಕ್ಟರು ನೋಡಬೇಕು. ಖರ್ಚು ಸೊನ್ನೆ.

ಕಾಫಿ ಬಂದ ಮೇಲೆ ಗೋವಿಂದನಿಗೆ ಧೈರ್ಯ ಬಂತು. “ನನ್ನ ಡೀಸೆಲ್ ಗಾಡೀಲಿ ಒಂದು ವಿಶೇಷ ಮೇಷ್ಟ್ರೇ. ಎಲ್ಲರ ಇಂಜಿನ್ ಆಯಿಲ್ ಕುಡಿಯುತ್ತೆ. ನಂದು ಹಡೆಯುತ್ತೆ! ತಿಂಗಳು ತಿಂಗಳು ಆಯಿಲ್ ಮಟ್ಟ ಮೇಲೆ ಬರ್ತಿದೆ.”

ಮೇಷ್ಟ್ರು ಲೋಟ ಕೆಳಗಿಟ್ಟರು. “ಬಿಎಸ್6 ಗಾಡಿ ತಾನೆ? ಎಲ್ಲೆಲ್ಲಿ ಓಡಿಸ್ತೀಯ?”

“ಶಿರಾ ಗೇಟಿಂದ ಮಂಡಿಪೇಟೆಗೆ. ಮಂಡಿಪೇಟೆಯಿಂದ ಶಿರಾ ಗೇಟಿಗೆ.”

“ಅದು ಆಯಿಲ್ ಅಲ್ಲ ಕಣಯ್ಯ, ಡೀಸೆಲ್! 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದಾಗಿನಿಂದ ಈ ಗಾಡಿಗಳ ಹೊಗೆ ಪೈಪಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ತುಂಬಿದಾಗ ಗಾಡಿ ಜಾಸ್ತಿ ಡೀಸೆಲ್ ಚಿಮ್ಮಿಸಿ, ಸುಮಾರು 600 ಡಿಗ್ರಿ ಬಿಸಿ ಮಾಡಿ ಮಸಿ ಸುಡುತ್ತೆ. ನೀನು ಮಂಡಿಪೇಟೆಲಿ ಕೀ ತಿರುಗಿಸಿ ಇಳಿದುಬಿಡ್ತೀಯ. ಅರ್ಧಕ್ಕೆ ನಿಂತ ಡೀಸೆಲ್ ಸಿಲಿಂಡರ್ ಗೋಡೆ ಮೇಲಿಂದ ಇಳಿದು ಆಯಿಲಿಗೆ ಸೇರುತ್ತೆ. ಆಯಿಲ್ ನೀರಿನ ಥರ ತೆಳ್ಳಗಾಗುತ್ತೆ. ಮೊದಲು ಆಯಿಲ್ ಬದಲಾಯಿಸು. ಆಮೇಲೆ ಹೈವೇಲಿ ಕಳ್ಳಂಬೆಳ್ಳ ದಾಟಿ ಶಿರಾವರೆಗೆ ಒಂದೇ ಸಮ ಓಡಿಸು. ಅದಕ್ಕೂ ಮಸಿ ಸುಡದೆ ಡಿಪಿಎಫ್ ಲೈಟ್ ಉರೀತಿದ್ರೆ ಸರ್ವಿಸ್‌ನವರು ಸ್ಕ್ಯಾನರ್ ಹಾಕಿ ಸುಡಿಸ್ತಾರೆ.”

ಗೋವಿಂದ ಅಲ್ಲೇ ಮನೆಗೆ ಫೋನ್ ಹಚ್ಚಿದ. ಸ್ಪೀಕರ್ ಆನ್ ಆಗಿದ್ದು ಅವನಿಗೆ ಗೊತ್ತಿರಲಿಲ್ಲ.

“ಮುಂದಿನ ಭಾನುವಾರ ಶಿರಾಗೆ ಹೋಗಿ ಬರ್ತೀನಿ ಕಣೆ. ಕೆಲಸ ಏನಿಲ್ಲ, ಮಸಿ ಸುಡಬೇಕು.”

“ಅದಕ್ಕೆ ಶಿರಾ ಯಾಕೆ? ಬಚ್ಚಲ ಹಂಡೆ ತಳದಲ್ಲಿ ಬೇಕಾದಷ್ಟು ಮಸಿ ಇದೆ. ಬೇಗ ಬಂದು ಉಜ್ಜಿ.”